ಹೊಸ ಗ್ರಾಫಿಕ್ಸ್ ಕಾರ್ಡಿಗೆ ಹಳೆಯ ಪ್ರೊಸೆಸರ್ ಜೊತೆಯಾದಾಗ

ಅಕ್ಕನ ಮಗ ಎರಡು ವರ್ಷ ಕೂಡಿಟ್ಟ ಹಣದಲ್ಲಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಕೊಂಡು ತಂದ. ಕಲಬುರಗಿಯ ಅವರ ಮನೆಯ ಮೇಲಿನ ಕೋಣೆಯಲ್ಲಿ 2017ರಲ್ಲಿ ಜೋಡಿಸಿದ ಕಂಪ್ಯೂಟರ್ ಇದೆ. ಇಂಟೆಲ್ ಕೋರ್ ಐ5-7400 ಪ್ರೊಸೆಸರ್, ಬಿ250 ಮದರ್‌ಬೋರ್ಡ್, ಎಂಟು ಜಿಬಿಯ ಒಂದೇ ಒಂದು ರ‍್ಯಾಮ್. ಹಳೆಯ ಜಿಟಿಎಕ್ಸ್ 1050 ಟಿಐ ಕಾರ್ಡನ್ನು ಕಿತ್ತು ಹೊಸದನ್ನು ಕೂರಿಸಿದ. ಮೂರನೆಯ ದಿನ ಫೋನ್ ಬಂತು: "ಮಾಮಾ, ಕಾರ್ಡು ಕೆಟ್ಟದ್ದೇ ಇರಬೇಕು. ಬಯಲಿನಲ್ಲಿ ಆಟ ಚೆನ್ನಾಗಿ ಓಡುತ್ತದೆ, ಪೇಟೆಯೊಳಗೆ ಕಾಲಿಟ್ಟರೆ ತಡವರಿಸುತ್ತದೆ."

ಕಾರ್ಡು ಕೆಟ್ಟಿರಲಿಲ್ಲ. ಅದಕ್ಕೆ ಕೆಲಸವೇ ಸಿಗುತ್ತಿರಲಿಲ್ಲ.

ಜೋಳದ ರೊಟ್ಟಿ ಮಾಡುವ ಮನೆಯಲ್ಲಿ ಇದನ್ನು ವಿವರಿಸುವುದು ಸುಲಭ. ಪ್ರೊಸೆಸರ್ ಎಂದರೆ ರೊಟ್ಟಿ ಬಡಿಯುವ ಕೈ, ಗ್ರಾಫಿಕ್ಸ್ ಕಾರ್ಡ್ ಎಂದರೆ ಬೇಯಿಸುವ ಹಂಚು. ಪಾತ್ರಗಳು ಎಲ್ಲಿ ನಿಂತಿವೆ, ಗುಂಡು ಯಾರಿಗೆ ತಗುಲಿತು, ಗಾಡಿ ಯಾವ ಕಡೆ ತಿರುಗಿತು ಎಂಬ ಲೆಕ್ಕವನ್ನು ಪ್ರೊಸೆಸರ್ ಮುಗಿಸಿ ಕೊಟ್ಟ ಮೇಲೆಯೇ ಕಾರ್ಡು ಆ ಚಿತ್ರಕ್ಕೆ ಬಣ್ಣ ತುಂಬುತ್ತದೆ. ಹಂಚು ಎಷ್ಟೇ ದೊಡ್ಡದಿರಲಿ, ಬಡಿದ ರೊಟ್ಟಿ ಬರದಿದ್ದರೆ ಖಾಲಿ ಕಾಯುತ್ತಿರುತ್ತದೆ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ ಬೇಕೆಂದರೆ ಒಂದೊಂದು ಫ್ರೇಮ್ 16.7 ಮಿಲಿಸೆಕೆಂಡಿನಲ್ಲಿ ಸಿದ್ಧವಾಗಬೇಕು. ಪ್ರೊಸೆಸರ್ 25 ಮಿಲಿಸೆಕೆಂಡು ತೆಗೆದುಕೊಂಡರೆ, ಕಾರ್ಡು ತನ್ನ ಪಾಲಿನದನ್ನು 8ರಲ್ಲೇ ಮುಗಿಸಿದರೂ ನಿಮಗೆ ಸಿಗುವುದು 40 ಫ್ರೇಮ್ ಮಾತ್ರ. ಅಂಗಡಿಯವರು ಬಾಟಲ್‌ನೆಕ್ ಎನ್ನುವುದು ಇದನ್ನೇ.

ಹೊಸ ಭಾಗ ಕೊಳ್ಳುವ ಮೊದಲು ಒಂದು ಸಂಜೆ ಅಳತೆಗೆ ಮೀಸಲಿಡಿ ಎಂಬುದಷ್ಟೇ ನನ್ನ ಹಟ. ಮೊದಲು ಕೊಂಡು ಆಮೇಲೆ ಅಳೆದಿದ್ದರಿಂದಲೇ ನಮ್ಮ ಹುಡುಗನಿಗೆ ಇಷ್ಟೆಲ್ಲ ಓಡಾಟವಾಯಿತು.

ಮೊದಲ ಹೆಜ್ಜೆ: ರೋಗ ಯಾವುದೆಂದು ಖಚಿತಪಡಿಸಿಕೊಳ್ಳಿ

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳಿ. ನಿಮ್ಮ ಕಾರ್ಡು ಯಾವ ಕಂಪನಿಯದಾದರೂ ನಡೆಯುತ್ತದೆ. ಅದರೊಂದಿಗೆ ಬರುವ ರಿವಾಟ್ಯೂನರ್, ಆಟದ ಪರದೆಯ ಮೂಲೆಯಲ್ಲೇ ಅಂಕಿಗಳನ್ನು ತೋರಿಸುತ್ತದೆ. ಫ್ರೇಮ್ ದರ, ಫ್ರೇಮ್ ಟೈಮ್, ಕಾರ್ಡಿನ ಬಳಕೆ, ಪ್ರತಿ ಕೋರಿನ (ಪ್ರೊಸೆಸರಿನೊಳಗೆ ದುಡಿಯುವ ಒಂದೊಂದು ಕೈ) ಬಳಕೆ, ಪ್ರೊಸೆಸರಿನ ವೇಗ ಮತ್ತು ಉಷ್ಣತೆ, ರ‍್ಯಾಮ್, ಕಾರ್ಡಿನ ಮೆಮೊರಿ, ಇಷ್ಟನ್ನು ಆರಿಸಿಕೊಂಡರೆ ಸಾಕು. ಆಟದೊಳಗೆ ವಿ-ಸಿಂಕ್ (ಫ್ರೇಮ್ ದರವನ್ನು ಮಾನಿಟರಿನ ವೇಗಕ್ಕೆ ಕಟ್ಟುವ ಆಯ್ಕೆ) ಮತ್ತು ಫ್ರೇಮ್ ಮಿತಿ ಎರಡನ್ನೂ ತೆಗೆದುಹಾಕಿ. ಇದನ್ನು ಮರೆತರೆ ಎಲ್ಲ ಅಂಕಿಗಳೂ ಸುಳ್ಳು ಹೇಳುತ್ತವೆ. 60ಕ್ಕೆ ಕಟ್ಟಿಹಾಕಿದ ಕಾರ್ಡು 50 ಶೇಕಡಾ ಬಳಕೆ ತೋರಿಸಿದರೆ ಅದು ರೋಗವಲ್ಲ, ವಿಶ್ರಾಂತಿ.

ಈಗ ತಡವರಿಸುವ ಜಾಗಕ್ಕೇ ಹೋಗಿ ಐದು ನಿಮಿಷ ಓಡಾಡಿ. ಕಾರ್ಡಿನ ಬಳಕೆ 95ರ ಮೇಲಿದ್ದರೆ ಪ್ರೊಸೆಸರ್ ನಿರಪರಾಧಿ. ಈ ಲೇಖನವನ್ನು ಇಲ್ಲಿಗೇ ಬಿಟ್ಟು ಗ್ರಾಫಿಕ್ಸ್ ಗುಣಮಟ್ಟ ಇಳಿಸಿ ಆಡಿ. ಬಳಕೆ 50, 60ರಲ್ಲಿ ತೂಗಾಡುತ್ತಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ರೆಸಲ್ಯೂಶನ್ನನ್ನು 1080ರಿಂದ 720ಕ್ಕೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ರೆಸಲ್ಯೂಶನ್ ಇಳಿಸಿದರೆ ಹಂಚಿನ ಕೆಲಸ ಹಗುರವಾಗುತ್ತದೆಯೇ ಹೊರತು ಬಡಿಯುವ ಕೈಗಳ ಕೆಲಸವಲ್ಲ. ಹೀಗೆ ಮಾಡಿಯೂ ಫ್ರೇಮ್ ದರ ಏರದಿದ್ದರೆ ಅಡಚಣೆ ಪ್ರೊಸೆಸರಿನ ಕಡೆಯದು. ನಮ್ಮ ಹುಡುಗನ ಯಂತ್ರದಲ್ಲಿ 1080ರಲ್ಲೂ 48, 720ರಲ್ಲೂ 48. ನಾಲ್ಕೂ ಕೋರುಗಳು ನೂರಕ್ಕೆ ನೂರು, ಕಾರ್ಡು 45ರಲ್ಲಿ ತೂಕಡಿಸುತ್ತಿತ್ತು.

ಇಲ್ಲಿ ಅನೇಕರು ಎಡವುವ ಒಂದು ಕಲ್ಲಿದೆ. ಎಂಟು ಅಥವಾ ಹನ್ನೆರಡು ಥ್ರೆಡ್ಡಿನ, ಅಂದರೆ ಒಂದೇ ಸಲಕ್ಕೆ ಅಷ್ಟು ಕೆಲಸ ಹಿಡಿಯಬಲ್ಲ ಪ್ರೊಸೆಸರ್ ಇದ್ದರೆ ಒಟ್ಟು ಬಳಕೆ 40 ಶೇಕಡಾ ಎಂದು ಕಂಡರೂ ಅಡಚಣೆ ಅಲ್ಲಿಯೇ ಇರಬಹುದು. ಬಡಿಯಲು ನಾಲ್ಕು ಜನ ಕುಳಿತರೂ ಎಸರು ಹಾಕಿ ಹಿಟ್ಟು ನಾದುವವರು ಒಬ್ಬರೇ ಆಗಿದ್ದರೆ ಉಳಿದವರು ಕೈಕಟ್ಟಿ ಕೂರುತ್ತಾರೆ. ಬಹುಪಾಲು ಆಟಗಳಲ್ಲಿ ಹಿಟ್ಟು ನಾದುವ ಮುಖ್ಯ ಕೆಲಸ ಒಂದೇ ಕೋರಿನ ಮೇಲೆ ಬೀಳುತ್ತದೆ. ಆದ್ದರಿಂದ ಒಟ್ಟು ಅಂಕಿಯನ್ನು ನಂಬಬೇಡಿ, ಕೋರುಗಳನ್ನು ಬಿಡಿಬಿಡಿಯಾಗಿ ನೋಡಿ, ಅದಕ್ಕಿಂತ ಹೆಚ್ಚಾಗಿ ಕಾರ್ಡಿನ ಬಳಕೆಯನ್ನು ನೋಡಿ.

ಪ್ರೊಸೆಸರಿನ ವೇಷ ಹಾಕಿಕೊಂಡು ಬರುವ ಕಳ್ಳರೂ ಇದ್ದಾರೆ. ರ‍್ಯಾಮ್ ತುಂಬಿ ತುಳುಕಿದರೆ ವಿಂಡೋಸ್ ಡಿಸ್ಕಿನ ಮೊರೆ ಹೋಗುತ್ತದೆ, ಆಟ ಜೋಲಿ ಹೊಡೆಯುತ್ತದೆ. ಆಟವನ್ನು ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದರೆ ಹೊಸ ಬೀದಿಗೆ ತಿರುಗಿದಾಗಲೆಲ್ಲ ನಿಂತು ನಿಂತು ಸಾಗುತ್ತದೆ. ಮೂರನೆಯ ಕಳ್ಳ ನಮ್ಮೂರಿನವನೇ: ಬಿಸಿಲು. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಮೇಲಿನ ಮಹಡಿಯ ಕೋಣೆ ರಾತ್ರಿಯೂ ತಣಿಯುವುದಿಲ್ಲ. ಪ್ರೊಸೆಸರ್ ಮಿತಿಮೀರಿ ಕಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಐ5-7400ರ ಮೂಲ ವೇಗ 3.0 ಗಿಗಾಹರ್ಟ್ಸ್, ಗರಿಷ್ಠ 3.5. ಆಟದ ನಡುವೆ ವೇಗ 3.0ಕ್ಕಿಂತ ಕೆಳಗಿಳಿದು ಉಷ್ಣತೆ ನೂರರ ಹತ್ತಿರ ನಿಂತಿದ್ದರೆ ನಿಮಗೆ ಬೇಕಾದದ್ದು ಹೊಸ ಪ್ರೊಸೆಸರ್ ಅಲ್ಲ, ಬ್ರಷ್ಷು.

ಎರಡನೆಯ ಹೆಜ್ಜೆ: ಅಗ್ಗದ ಮದ್ದು

ಕ್ಯಾಬಿನೆಟ್ ಬಿಚ್ಚಿ. ನಮ್ಮ ಕಡೆಯ ಒಣ ಧೂಳು ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿರುತ್ತದೆ. ಮನೆ ದಾಲ್ ಮಿಲ್ಲಿನ ಹತ್ತಿರವೋ ಪರಸಿ ಕಲ್ಲು ಪಾಲಿಶ್ ಮಾಡುವ ಜಾಗದ ಹತ್ತಿರವೋ ಇದ್ದರೆ ಕೇಳುವುದೇ ಬೇಡ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು ಬ್ಲೋವರ್ ಹಾಯಿಸಿ. ಹಿಡಿಯದೆ ಊದಿದರೆ ಫ್ಯಾನು ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಏಳೆಂಟು ವರ್ಷದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ. ಒರೆಸಿ ಹೊಸದು ಹಾಕಿ. ಇನ್ನೊಂದು ಮಾತು, ಬೇಸಿಗೆಯಲ್ಲಿ ಏರ್ ಕೂಲರನ್ನು ನೇರವಾಗಿ ಕಂಪ್ಯೂಟರಿನತ್ತ ತಿರುಗಿಸಬೇಡಿ. ಅದು ಕಳಿಸುವುದು ನೀರಿನ ತೇವ ಹೊತ್ತ ಗಾಳಿ.

ರ‍್ಯಾಮ್ ಒಂದೇ ಇದ್ದರೆ ಅದರ ಜೋಡಿಯನ್ನು ತನ್ನಿ. ಒಂದೇ ರ‍್ಯಾಮ್ ಎಂದರೆ ಪ್ರೊಸೆಸರಿಗೆ ಒಂದೇ ಬಾಗಿಲು, ಎರಡಾದರೆ ಎರಡು ಬಾಗಿಲು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಬಿ250 ಬೋರ್ಡು 7ನೇ ಪೀಳಿಗೆಯ ಪ್ರೊಸೆಸರಿನೊಂದಿಗೆ ಡಿಡಿಆರ್4 ರ‍್ಯಾಮನ್ನು 2400ರ ವೇಗದ ಆಚೆ ಓಡಿಸುವುದಿಲ್ಲ, ಹಾಗಿದ್ದರೂ 3200ರದ್ದನ್ನೇ ಕೊಳ್ಳಿ. ಈಗ 2400ರಲ್ಲಿ ಓಡುತ್ತದೆ, ನಾಳೆ ಹೊಸ ಬೋರ್ಡಿಗೆ ಹೋಗುವಾಗ ನಿಮ್ಮೊಂದಿಗೇ ಬರುತ್ತದೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದರೆ ಇರುವುದನ್ನು ಮುಂದೆಯೂ ಬಳಸುವ ದಾರಿ ಹುಡುಕುವುದೇ ಜಾಣತನ.

ಆಮೇಲೆ ಆಟದೊಳಗಿನ ಆಯ್ಕೆಗಳು. ಜನಸಂದಣಿ, ದೂರದ ನೋಟ, ರೇ ಟ್ರೇಸಿಂಗ್ (ಬೆಳಕು ನೆರಳಿನ ಸೂಕ್ಷ್ಮ ಲೆಕ್ಕ), ಇವು ಪ್ರೊಸೆಸರಿನ ಬೆನ್ನಿಗೆ ಹೊರೆ. ನಮ್ಮ ಹುಡುಗ ಆಡುವ ಸೈಬರ್‌ಪಂಕ್ 2077 ಆಟದಲ್ಲಿ ಜನಸಂದಣಿಗೆ ಪ್ರತ್ಯೇಕ ಆಯ್ಕೆಯೇ ಇದೆ, ಇಳಿಸಿದ ಕೂಡಲೇ ಪೇಟೆ ಬೀದಿಯಲ್ಲಿ ವ್ಯತ್ಯಾಸ ಕಾಣುತ್ತದೆ. ಟೆಕ್ಸ್ಚರ್ ಮತ್ತು ರೆಸಲ್ಯೂಶನ್ ಹೊರೆ ಕಾರ್ಡಿನದು. ಕಾರ್ಡು ಹೇಗೂ ಖಾಲಿ ಕೂತಿದೆ, ಅದರ ಮೆಮೊರಿ ತುಂಬದಷ್ಟು ಅವುಗಳನ್ನು ಏರಿಸಿಕೊಳ್ಳಿ. ಕೊನೆಯಲ್ಲಿ ಫ್ರೇಮ್ ದರವನ್ನು 45ಕ್ಕೋ 50ಕ್ಕೋ ಕಟ್ಟಿಹಾಕಿ. 70ಕ್ಕೆ ಹಾರಿ 25ಕ್ಕೆ ಬೀಳುವ ಆಟಕ್ಕಿಂತ 45ರಲ್ಲಿ ಸಮವಾಗಿ ನಡೆಯುವುದು ಕಣ್ಣಿಗೆ ಹಿತ.

ಇಷ್ಟರಲ್ಲೇ ತೃಪ್ತಿಯಾದರೆ ಹಣ ಉಳಿಯಿತು. ನಮ್ಮಲ್ಲಿ ಎರಡನೆಯ ರ‍್ಯಾಮ್ ಹಾಕಿದ ಮೇಲೆ ದೊಡ್ಡ ಜೋಲಿಗಳು ಹೋದವು, ಸರಾಸರಿ ಮಾತ್ರ ಅಲ್ಲಾಡಲಿಲ್ಲ. ಅದರಲ್ಲಿ ಆಶ್ಚರ್ಯವೇನಿಲ್ಲ. 2023ರ ದೊಡ್ಡ ಪರಿಷ್ಕರಣೆಯ ನಂತರ ಸೈಬರ್‌ಪಂಕ್ ಕನಿಷ್ಠವಾಗಿ ಕೇಳುವುದೇ ಐ7-6700 ಅಥವಾ ರೈಜೆನ್ 5 1600. ನಾಲ್ಕು ಕೋರು, ನಾಲ್ಕೇ ಥ್ರೆಡ್ಡಿನ ಐ5ಗೆ ಅಲ್ಲಿ ಬಾಗಿಲಲ್ಲೇ ತಡೆ.

ಮೂರನೆಯ ಹೆಜ್ಜೆ: ಬೋರ್ಡಿನ ಹೆಸರು ಹೇಳಿ, ದಾರಿ ಹೇಳುತ್ತೇನೆ

ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಂ ಇನ್ಫರ್ಮೇಶನ್ ಎಂದು ಹುಡುಕಿ ತೆರೆಯಿರಿ. ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಸಾಲಿನಲ್ಲಿ ಮದರ್‌ಬೋರ್ಡಿನ ಮಾದರಿಯೂ ಮೇಲೆಯೇ ಬಯಾಸ್ (ಬೋರ್ಡನ್ನು ಎಬ್ಬಿಸುವ ಮೂಲ ತಂತ್ರಾಂಶ) ಆವೃತ್ತಿಯೂ ಸಿಗುತ್ತದೆ. ಆ ಮಾದರಿಯ ಪುಟವನ್ನು ಬೋರ್ಡ್ ತಯಾರಕರ ಜಾಲತಾಣದಲ್ಲಿ ತೆರೆದು, ಅದು ಒಪ್ಪುವ ಪ್ರೊಸೆಸರುಗಳ ಪಟ್ಟಿ ನೋಡಿ. ಅಂಗಡಿಯವರ ಬಾಯಿಮಾತಿಗಿಂತ ಈ ಪಟ್ಟಿ ದೊಡ್ಡದು.

ನಿಮ್ಮದು ಎಎಂಡಿಯ ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಬೋರ್ಡಾಗಿದ್ದರೆ ನೀವು ಪುಣ್ಯವಂತರು. 2017ರಲ್ಲಿ ಮೊದಲ ರೈಜೆನ್ ಕೂತ ಸಾಕೆಟ್ಟಿನಲ್ಲೇ 2022ರ ರೈಜೆನ್ 5 5600 ಕೂರುತ್ತದೆ. ಬಿ450 ಬೋರ್ಡಿನಲ್ಲಿ ರೈಜೆನ್ 5 1600 ಅಥವಾ 2600 ಇಟ್ಟುಕೊಂಡವರು ಬಯಾಸ್ ಹೊಸದು ಮಾಡಿ, ಪ್ರೊಸೆಸರ್ ಒಂದನ್ನೇ ಬದಲಿಸಿದರೆ ಕೆಲಸ ಮುಗಿಯಿತು. ಇದರಷ್ಟು ಅಗ್ಗದ, ಇದರಷ್ಟು ಫಲ ಕೊಡುವ ಬದಲಾವಣೆ ಇನ್ನೊಂದಿಲ್ಲ. 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ನ್ಯಾಯವಾದ ಬೆಲೆಗೆ ಸಿಕ್ಕರೆ ಬಿಡಬೇಡಿ. 5600ರಲ್ಲಿ 32 ಎಂಬಿ ಇರುವ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಅವುಗಳಲ್ಲಿ 96 ಎಂಬಿ, ಆಟಗಳಿಗೆ ಅದು ಹಬ್ಬದೂಟ. ಆದರೆ ಬಯಾಸನ್ನು ಹಳೆಯ ಪ್ರೊಸೆಸರ್ ಕೂತಿರುವಾಗಲೇ ಬದಲಿಸಬೇಕು, ಆಮೇಲೆ ಹೊಸದು. ನಡುವೆ ಕರೆಂಟ್ ಹೋದರೆ ಬೋರ್ಡು ಕಲ್ಲಾಗಬಹುದು. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಬೇಸಿಗೆಯ ಮಧ್ಯಾಹ್ನವಂತೂ ಬೇಡವೇ ಬೇಡ.

ಇಂಟೆಲ್ ಕಥೆ ಬೇರೆ. 8ನೇ ಪೀಳಿಗೆಯ ಐ5-8400ರಲ್ಲಿ ಆರು ಕೋರುಗಳಿವೆ, ಸಾಕೆಟ್ಟಿನ ಹೆಸರೂ ಎಲ್‌ಜಿಎ 1151. ಆದರೆ ಅದಕ್ಕೆ ಬೋರ್ಡಿನಲ್ಲಿ 300 ಸರಣಿಯ ಚಿಪ್‌ಸೆಟ್ (ಬೋರ್ಡಿನ ನಿಯಂತ್ರಕ ಚಿಪ್ಪು) ಬೇಕು. ಬಿ250, ಎಚ್110, ಝಡ್270 ಬೋರ್ಡುಗಳಲ್ಲಿ ಅದು ನಡೆಯುವುದಿಲ್ಲ. ಹೆಸರು ಒಂದೇ ಎಂದು ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ತಂದು ಪೇಚಾಡಿದವರನ್ನು ನಾನೇ ಕಂಡಿದ್ದೇನೆ. ಆ ಬೋರ್ಡುಗಳ ಕೊನೆಯ ನಿಲ್ದಾಣ ಐ7-7700 ಸಾಲು: ನಾಲ್ಕು ಕೋರು, ಎಂಟು ಥ್ರೆಡ್. ಬಹಳ ಅಗ್ಗಕ್ಕೆ, ಕಣ್ಣೆದುರು ಓಡಿಸಿ ತೋರಿಸಿದರೆ ತೆಗೆದುಕೊಳ್ಳಿ. ಇಲ್ಲವಾದರೆ ನನ್ನ ಮತ ಬೇಡ ಎಂದೇ. ಹಳೆಯದಾದರೂ ಐ7 ಎಂಬ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಇಳಿಯುವುದು ನಿಧಾನ. ಸಾಲದ್ದಕ್ಕೆ 7ನೇ ಪೀಳಿಗೆಯ ಈ ಪ್ರೊಸೆಸರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಹಾಗಾಗಿ ಬೋರ್ಡು, ಪ್ರೊಸೆಸರ್ ಎರಡನ್ನೂ ಬದಲಿಸುವ ದಾರಿಯನ್ನೇ ನಾವು ಹಿಡಿದೆವು. ಐ5-12400ಎಫ್ ಮತ್ತು ಡಿಡಿಆರ್4 ರ‍್ಯಾಮ್ ಒಪ್ಪುವ ಬಿ660 ಬೋರ್ಡು. ಆರು ಕೋರು, ಹನ್ನೆರಡು ಥ್ರೆಡ್, ಮತ್ತು ಕೈಯಲ್ಲಿರುವ ರ‍್ಯಾಮ್ ವ್ಯರ್ಥವಾಗುವುದಿಲ್ಲ. ಬೋರ್ಡು ಕೊಳ್ಳುವಾಗ ಡಿ4 ಎಂಬ ಗುರುತನ್ನು ನೋಡಿಯೇ ಕೊಳ್ಳಿ. ಅದೇ ಬಿ660 ಹೆಸರಿನಲ್ಲಿ ಡಿಡಿಆರ್5 ಬೋರ್ಡುಗಳೂ ಇವೆ, ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ. ಹೆಸರಿನ ಕೊನೆಯ ಎಫ್ ಎಂದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ, ಕಾರ್ಡು ಕೈಕೊಟ್ಟ ದಿನ ಪರದೆ ಕತ್ತಲೆ. ಕೈಯಲ್ಲಿ ಹಣವಿದ್ದು ಹಳೆಯ ರ‍್ಯಾಮಿನ ಹಂಗಿಲ್ಲದವರು ಎಎಂಡಿಯ ಎಎಂ5ಗೆ ಹೋಗಬಹುದು, ಅಲ್ಲಿ ಡಿಡಿಆರ್5 ಮಾತ್ರ. ಹಳೆಯ ಇಂಟೆಲ್ 13, 14ನೇ ಪೀಳಿಗೆಯ ಐ7, ಐ9 ಅಗ್ಗಕ್ಕೆ ಸಿಕ್ಕರೆ ಎಚ್ಚರ. ಅವುಗಳಲ್ಲಿ ವೋಲ್ಟೇಜ್ ಏರುಪೇರಿನಿಂದ ಆಗುತ್ತಿದ್ದ ತೊಂದರೆಗೆ ಇಂಟೆಲ್ 2024ರಲ್ಲಿ ಬಯಾಸ್ ಮೂಲಕ ಪರಿಹಾರ ಕೊಟ್ಟಿತು, ಅದಕ್ಕೆ ಮೊದಲೇ ಹಾಳಾದ ಪ್ರೊಸೆಸರ್ ಅದರಿಂದ ಸರಿಹೋಗುವುದಿಲ್ಲ.

ಕೊಳ್ಳುವ ಮುನ್ನ ಪವರ್ ಸಪ್ಲೈ ನೋಡಿ. ಆರ್‌ಟಿಎಕ್ಸ್ 3060 ಒಂದೇ 170 ವ್ಯಾಟ್ ಎಳೆಯುತ್ತದೆ, 12400ಎಫ್ ಪೂರ್ತಿ ದುಡಿಯುವಾಗ 117 ವ್ಯಾಟ್ ವರೆಗೆ ಹೋಗಬಲ್ಲದು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದ ಪವರ್ ಸಪ್ಲೈ ಮೇಲೆ 500 ಎಂದು ಬರೆದಿದ್ದರೂ ಅದನ್ನು ನಂಬಬೇಡಿ. 80 ಪ್ಲಸ್ ಎಂಬ ದಕ್ಷತೆಯ ಗುರುತಿನ 550 ವ್ಯಾಟಿನದು ಇರಲಿ. ಕಚೇರಿಗಳಿಂದ ಹರಾಜಿಗೆ ಬಂದ ಬ್ರ್ಯಾಂಡೆಡ್ ಕಂಪ್ಯೂಟರ್ ನಿಮ್ಮದಾಗಿದ್ದರೆ ಇನ್ನಷ್ಟು ಎಚ್ಚರ. ಅನೇಕ ಮಾದರಿಗಳಲ್ಲಿ ಪವರ್ ಕನೆಕ್ಟರೂ ಬೋರ್ಡಿನ ಅಳತೆಯೂ ಆ ಕಂಪನಿಯದ್ದೇ ಆಗಿರುತ್ತದೆ, ಸಾಮಾನ್ಯ ಬೋರ್ಡು ಆ ಕ್ಯಾಬಿನೆಟ್ಟಿಗೆ ಹೊಂದುವುದಿಲ್ಲ.

ಎಲ್ಲಿ ಕೊಳ್ಳುವುದು? ಕಲಬುರಗಿ, ಬೀದರ್ ಕಡೆಯವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗಿಂತ ಸಿಕಂದರಾಬಾದ್ ಹತ್ತಿರ. ಅಲ್ಲಿ ಪಾರ್ಕ್ ಲೇನ್‌ನ ಚೆನಾಯ್ ಟ್ರೇಡ್ ಸೆಂಟರ್ ಎಂದರೆ ಮಹಡಿ ಮಹಡಿಯೂ ಕಂಪ್ಯೂಟರ್ ಅಂಗಡಿಯೇ, ಸಿಟಿಸಿ ಎಂದರೆ ಆಟೊದವರಿಗೂ ಗೊತ್ತು. ಮೊದಲು ಊರಿನ ಅಂಗಡಿಯಲ್ಲಿ ಒಂದು ಬೆಲೆ ಕೇಳಿ. ಅಂತರ ಸಾವಿರ ರೂಪಾಯಿಯೊಳಗಿದ್ದರೆ ಊರಿನಲ್ಲೇ ಕೊಳ್ಳಿ ಎನ್ನುತ್ತೇನೆ, ಬೋರ್ಡು ಕೈಕೊಟ್ಟರೆ ವಾರಂಟಿಗಾಗಿ ಪ್ರತಿ ಸಲ ರೈಲು ಹತ್ತಬೇಕಾಗಿಲ್ಲ. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ಬಿಲ್ಲಿಲ್ಲದೆ ಕಡಿಮೆ ಮಾಡಿಕೊಡುತ್ತೇವೆ ಎಂದರೆ ಕೈ ಮುಗಿದು ಬನ್ನಿ. ಟ್ರೇ ಪ್ರೊಸೆಸರ್ ಎಂದರೆ ಡಬ್ಬಿಯೂ ಇಲ್ಲ, ಫ್ಯಾನೂ ಇಲ್ಲ, ವಾರಂಟಿ ಅಂಗಡಿಯವರ ಮಾತಿನ ಮೇಲೆ.

ನಾಲ್ಕನೆಯ ಹೆಜ್ಜೆ: ಬಿಚ್ಚಿ ಜೋಡಿಸುವುದು

ಬೋರ್ಡು ಬದಲಿಸುವವರು ಮೊದಲ ಸ್ಕ್ರೂ ಬಿಚ್ಚುವ ಮುಂಚೆ ಮೂರು ಕೆಲಸ ಮುಗಿಸಿರಬೇಕು. ಫೋಟೊ, ಕಡತ, ಆಟದ ಸೇವ್ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ವಿಂಡೋಸ್ ಪರವಾನಗಿಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ, ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಇದ್ದರೆ ಅದರ ಕೀಲಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಿ. ಕೊನೆಗೆ ಸಿಸ್ಟಂ ಇನ್ಫರ್ಮೇಶನ್ನಿನಲ್ಲಿ ಬಯಾಸ್ ಮೋಡ್ ಲೆಗಸಿ ಎಂದಿದೆಯೇ ನೋಡಿ. ಹಾಗಿದ್ದರೆ ಹೊಸ ಬೋರ್ಡಿನಲ್ಲಿ ಹಳೆಯ ವಿಂಡೋಸ್ ಏಳದಿರಬಹುದು. ನನ್ನ ಸಲಹೆ, ಹೇಗೂ ವಿಂಡೋಸ್ 11 ಬೇಕು, ಪೆನ್ ಡ್ರೈವ್ ಸಿದ್ಧಮಾಡಿಕೊಂಡು ಹೊಸದಾಗಿಯೇ ಹಾಕಿ. ವ್ಯಾಲರಂಟ್ ಆಟ ಆಡುವವರಿಗೆ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳೆರಡೂ ಕಡ್ಡಾಯ, ಅವೆರಡನ್ನೂ ಬಯಾಸಿನಲ್ಲಿ ಚಾಲೂ ಮಾಡಿಕೊಳ್ಳಿ.

ಪ್ಲಗ್ ಕಿತ್ತು ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಒಳಗೆ ಉಳಿದ ವಿದ್ಯುತ್ತು ಖಾಲಿಯಾಗುತ್ತದೆ. ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ತು ಬೇಗ ಕೂಡುತ್ತದೆ. ಹಾಸಿಗೆ, ಚಾದರ, ಜಮಖಾನೆಯ ಮೇಲೆ ಕೂರಬೇಡಿ. ಶಹಾಬಾದ್ ಕಲ್ಲಿನ ನೆಲದ ಮೇಲೆ ಮರದ ಮೇಜು, ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟುವ ಅಭ್ಯಾಸ, ಇಷ್ಟು ಸಾಕು. ಎಲ್ಲ ವೈರುಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಎಎಂ4 ಪ್ರೊಸೆಸರ್ ತೆಗೆಯುವವರಿಗೆ ಒಂದು ಎಚ್ಚರಿಕೆ. ಅದರ ಪಿನ್ನುಗಳು ಪ್ರೊಸೆಸರಿನ ಹೊಟ್ಟೆಯಲ್ಲೇ ಇವೆ. ಪೇಸ್ಟ್ ಒಣಗಿ ಅಂಟಿದ್ದರೆ ಕೂಲರ್ ಎತ್ತಿದಾಗ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ನು ಬಾಗುತ್ತದೆ. ಬಂದ್ ಮಾಡುವ ಮುನ್ನ ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ, ಕೂಲರನ್ನು ಮೇಲಕ್ಕೆ ಎಳೆಯದೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಬಿಡಿಸಿ. ಇಂಟೆಲ್‌ನಲ್ಲಿ ಪಿನ್ನುಗಳು ಬೋರ್ಡಿನ ಸಾಕೆಟ್ಟಿನಲ್ಲಿವೆ, ಅಲ್ಲಿಗೆ ಬೆರಳೂ ಬಟ್ಟೆಯೂ ತಾಗಬಾರದು. ಮೂಲೆಯ ತ್ರಿಕೋನ ಗುರುತನ್ನು ಹೊಂದಿಸಿ ಪ್ರೊಸೆಸರನ್ನು ಸುಮ್ಮನೆ ಇಡಿ, ಒತ್ತಬೇಡಿ. ಆಮೇಲೆ ಲಿವರ್ ಹಾಕುವಾಗ ಕಿರ್ರ್ ಎಂದು ಸದ್ದು ಬರುತ್ತದೆ. ಮೊದಲ ಸಲ ಎದೆ ಝಲ್ಲೆನ್ನುವುದು ಸಹಜ, ಏನೂ ಆಗುವುದಿಲ್ಲ.

ಪೇಸ್ಟ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಬೇರೆ ಊರಿನವರು ಬಟಾಣಿ ಕಾಳಿನಷ್ಟು ಎನ್ನುತ್ತಾರೆ, ತೊಗರಿಯ ನಾಡಿನವರು ನಾವು, ಎರಡು ತೊಗರಿ ಕಾಳಿನಷ್ಟು ಎನ್ನೋಣ. ನಡುವೆ ಇಟ್ಟು ಕೂಲರ್ ಒತ್ತಿದರೆ ತಾನೇ ಹರಡುತ್ತದೆ. ಎಲ್‌ಜಿಎ 1151ರ ಹಳೆಯ ಕೂಲರ್ 12400ಎಫ್ ಕೂರುವ ಎಲ್‌ಜಿಎ 1700 ಸಾಕೆಟ್ಟಿಗೆ ಹೊಂದುವುದಿಲ್ಲ. ರಂಧ್ರಗಳ ಅಂತರ 75 ಮಿಲಿಮೀಟರಿನಿಂದ 78ಕ್ಕೆ ಹೋಗಿದೆ. ಡಬ್ಬಿಯಲ್ಲಿ ಬಂದ ಕೂಲರನ್ನೇ ಬಳಸಿ, ನಾಲ್ಕು ಮೊಳೆಗಳನ್ನು ಎದುರುಬದುರಾಗಿ ಒತ್ತಿ. ಬೋರ್ಡನ್ನು ಕ್ಯಾಬಿನೆಟ್ಟಿಗೆ ಹಾಕುವ ಮೊದಲೇ ಇದನ್ನು ಮುಗಿಸಿ, ಹಿಂಬದಿಗೆ ನಾಲ್ಕೂ ಮೊಳೆ ಹೊರಬಂದಿವೆಯೇ ಎಂದು ತಿರುಗಿಸಿ ನೋಡಬಹುದು. ಪ್ರೊಸೆಸರಿನ ಪಕ್ಕದ ಪ್ರತ್ಯೇಕ ಪವರ್ ವೈರನ್ನೂ ಫ್ಯಾನಿನ ವೈರನ್ನೂ ಮರೆಯುವವರು ಬಹಳ. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ.

ಮೊದಲ ಸಲ ಚಾಲೂ ಮಾಡಿದಾಗ ಒಂದೆರಡು ನಿಮಿಷ ಪರದೆ ಕಪ್ಪಗಿದ್ದರೆ ಗಾಬರಿ ಬೇಡ, ಬೋರ್ಡು ರ‍್ಯಾಮಿನ ಪರಿಚಯ ಮಾಡಿಕೊಳ್ಳುತ್ತಿರುತ್ತದೆ. ಬಯಾಸಿಗೆ ಹೋಗಿ ಪ್ರೊಸೆಸರಿನ ಉಷ್ಣತೆ ನೋಡಿ, ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ) ಚಾಲೂ ಮಾಡಿ, ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರಿಗೆ ತೆರೆದಿಡುವ ರಿಸೈಜಬಲ್ ಬಾರ್ ಆಯ್ಕೆ ಇದ್ದರೆ ಅದನ್ನೂ.

ಐದನೆಯದು: ಮತ್ತೆ ಅಳೆಯಿರಿ

ಅದೇ ಬೀದಿ, ಅದೇ ಆಯ್ಕೆಗಳು, ಅದೇ ಐದು ನಿಮಿಷ. ನಮ್ಮ ಹುಡುಗನ ಕಾರ್ಡಿನ ಬಳಕೆ ಈಗ 97. ಅವನಿಗೆ ಅದೂ ಚಿಂತೆ: "ಮಾಮಾ, ಈಗ ಕಾರ್ಡು ಬಾಟಲ್‌ನೆಕ್ ಆಯಿತಲ್ಲ?" ಆಗಬೇಕಾದದ್ದೇ ಅದು. ಹಂಚು ಬಿಡುವಿಲ್ಲದೆ ಬೇಯಿಸುತ್ತಿದೆ ಎಂದರೆ ಕಾರ್ಡಿಗೆ ಕೊಟ್ಟ ಹಣ ಪೂರ್ತಿ ಕೆಲಸ ಮಾಡುತ್ತಿದೆ ಎಂದರ್ಥ.

ಹಳೆಯ ಐ5-7400 ಎಸೆಯುವಂಥದ್ದಲ್ಲ. ಅದರೊಳಗೇ ಗ್ರಾಫಿಕ್ಸ್ ಇರುವುದರಿಂದ ಕಾರ್ಡಿಲ್ಲದೆಯೂ ನಡೆಯುತ್ತದೆ. ಹಳೆಯ ಬೋರ್ಡಿಗೆ ಸೆಕೆಂಡ್ ಹ್ಯಾಂಡ್ 4 ಜಿಬಿ ರ‍್ಯಾಮ್ ಒಂದನ್ನು ಹಾಕಿ ಲಿನಕ್ಸ್ ಇಳಿಸಿಕೊಟ್ಟೆ. ಈಗ ಅದು ಕೆಳಗಿನ ಕೋಣೆಯಲ್ಲಿದೆ, ಅವನ ತಂಗಿ ಅದರಲ್ಲಿ ಪಿಯುಸಿ ಪಾಠದ ವೀಡಿಯೊ ನೋಡುತ್ತಾಳೆ.